ಒಂದನೇ ತರಗತಿಯ ಆಟ, ಮುಂದಿನ ಬೀಡಿಗೆ ತಡೆ

ಪ್ರಶ್ನೆ: ಒಂದನೇ ತರಗತಿಯಲ್ಲಿ ಶಿಸ್ತು ಕಲಿಸಿದರೆ ಮಕ್ಕಳು ದೊಡ್ಡವರಾದಾಗ ಬೀಡಿ, ಸಿಗರೇಟು ಸೇದುವುದು ತಪ್ಪುತ್ತದೆಯೇ?
– ಓದುಗರು, ಸಂತೇಬೆನ್ನೂರು

ಉತ್ತರ: ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದ ಶಾಲೆಗಳಲ್ಲಿ 1985ರಲ್ಲಿ ಶುರುವಾದ ಪ್ರಯೋಗ ಇದಕ್ಕೆ ಸಾಕ್ಷಿ. ಅಲ್ಲಿ ಒಂದನೇ ತರಗತಿಯ ಮಕ್ಕಳಿಗೆ ‘ಸನ್ನಡತೆಯ ಆಟ’ ಆಡಿಸಿದರು. ತಂಟೆಕೋರರನ್ನೂ ಸಾಧು ಮಕ್ಕಳನ್ನೂ ಬೆರೆಸಿ ತಂಡ ಕಟ್ಟುವುದು, ಪಾಠದ ನಡುವೆ ಯಾರಾದರೂ ನಿಯಮ ಮುರಿದರೆ ಇಡೀ ತಂಡದ ಹೆಸರಿಗೆ ಒಂದು ಗೀಟು. ಗೀಟು ನಾಲ್ಕನ್ನು ದಾಟದ ತಂಡಗಳೆಲ್ಲ ಗೆದ್ದಂತೆ. ಮೊದಮೊದಲು ಹತ್ತು ನಿಮಿಷ, ವಾರಕ್ಕೆ ಮೂರು ಸಲ. ತಂಬಾಕಿನ ಮಾತೇ ಇಲ್ಲ!

ಆ ಹುಡುಗರು ಹದಿಹರೆಯಕ್ಕೆ ಬಂದಾಗ ಧೂಮಪಾನ ಶುರುಮಾಡಿದವರು ಕಡಿಮೆಯಿದ್ದರು. ಚಿಕ್ಕಂದಿನಲ್ಲಿ ತೀರಾ ಜಗಳಗಂಟರಾಗಿದ್ದವರಿಗೇ ಹೆಚ್ಚು ಲಾಭವಾಯಿತು. ಹುಡುಗಿಯರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಹುಡುಗರಿಗೆ ಲಾಭವಾದ ಕಾರಣ ಸರಳ. ತರಗತಿಯಲ್ಲಿ ಹೊಂದಿಕೊಳ್ಳದ ಹುಡುಗ ಬೈಗುಳ ತಿಂದು, ಗೆಳೆಯರಿಂದ ದೂರವಾಗಿ, ಕೊನೆಗೆ ತನ್ನಂಥವರ ಗುಂಪು ಸೇರುತ್ತಾನೆ. ಮೊದಲ ಬೀಡಿ ಕೈಗೆ ಬರುವುದು ಅಲ್ಲಿಯೇ.

ಈ ಆಟ ನಮ್ಮಲ್ಲೂ ಸಾಧ್ಯ. ನಮ್ಮ ಸರ್ಕಾರಿ ಶಾಲೆಗಳ ‘ನಲಿ-ಕಲಿ’ ತರಗತಿಯಲ್ಲಿ ಮಕ್ಕಳು ಈಗಾಗಲೇ ಗುಂಪಾಗಿ ಕೂರುತ್ತಾರೆ. ಆ ಗುಂಪುಗಳು ಕಲಿಕೆಯ ಮಟ್ಟಕ್ಕೆ ತಕ್ಕವು, ಆಟಕ್ಕೆ ಬೇರೆ ತಂಡ ಮಾಡಿದರಾಯಿತು. ಆದರೆ ಶಿಕ್ಷಕರಿಗೆ ಒಳ್ಳೆಯ ತರಬೇತಿ ಬೇಕು: ಬಾಲ್ಟಿಮೋರಿನಲ್ಲೇ, ಮರುವರ್ಷ ಶಿಕ್ಷಕರ ತರಬೇತಿ ಸಡಿಲವಾದಾಗ ಫಲವೂ ಇಳಿಯಿತು. ಜೊತೆಗೆ, ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾನೂನನ್ನು ಊರಿನವರೂ ಪಾಲಿಸಬೇಕು.