ಬೇಟೆಯ ಬೀಡು ಮತ್ತು ಬೇಟೆಯ ಕಲ್ಲು: ಬೆಂಗಳೂರಿನ ದಕ್ಷಿಣದ ಅಂಚನ್ನು ಕುರಿತು ಒಂದು ವಿವೇಚನೆ

ಮಧ್ಯಕಾಲೀನ ಕರ್ನಾಟಕದ ಅರಸರ ವಿನೋದಗಳಲ್ಲಿ ಬೇಟೆಗೆ ಪ್ರಮುಖ ಸ್ಥಾನವಿತ್ತು. ಕಾವ್ಯಗಳು ಅದನ್ನು ವಿಸ್ತಾರವಾಗಿ ವರ್ಣಿಸಿವೆ. ಅರಸರ ಬಿರುದುಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ವಿಜಯನಗರದ ಇಮ್ಮಡಿ ದೇವರಾಯನ ‘ಗಜಬೇಂಟೆಕಾರ’ ಎಂಬ ಬಿರುದು ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಇಷ್ಟೊಂದು ವ್ಯಾಪಕವಾಗಿದ್ದ ಬೇಟೆಗಾಗಿ ನಿರ್ಮಿಸಿದ ವಸತಿಗಳ ಅವಶೇಷಗಳು ಮಾತ್ರ ಅತ್ಯಂತ ವಿರಳ. ಹಾಗಾದರೆ ಬೇಟೆಯ ಭೌತಿಕ ಕುರುಹುಗಳನ್ನು ಎಲ್ಲಿ ಅರಸಬೇಕು? ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ತಲಘಟ್ಟಪುರ, ತುರಹಳ್ಳಿ ಪರಿಸರವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ‘ಬೇಟೆಮನೆ’ ಎಂಬ ಪರಿಕಲ್ಪನೆಯನ್ನೇ ಸ್ಪಷ್ಟಪಡಿಸಿಕೊಳ್ಳಬೇಕು. ಕಾಡಿನ ನಡುವೆ ಗೋಡೆ, ಹೆಂಚು, ಜಗಲಿಗಳೊಡನೆ ನಿಂತ ಬಂಗಲೆಯ ಚಿತ್ರ ನಮ್ಮ ಮನಸ್ಸಿಗೆ ಬರುವುದು ಮುಖ್ಯವಾಗಿ ಬ್ರಿಟಿಷರ ಕಾಲದ ನಂತರದ ರೂಢಿಯಿಂದ. ಕಬಿನಿ ದಂಡೆಯ ಕಾರಾಪುರದಲ್ಲಿದ್ದ ಮೈಸೂರು ಮಹಾರಾಜರ ಬೇಟೆಬಂಗಲೆ ಇಂತಹುದು. ಪ್ರಾಚೀನ ಕನ್ನಡದಲ್ಲಿ ಇದಕ್ಕೆ ಸಮೀಪವಾದ ಪದವೆಂದರೆ ‘ಬೀಡು’. ಬೀಡೆಂದರೆ ಮುಖ್ಯವಾಗಿ ಪಯಣದಲ್ಲಿ ಬಿಡಾರ ಹೂಡಿದ ತಾಣ. ಕಟ್ಟಡವಿರಲೇಬೇಕೆಂಬ ನಿಯಮ ಅದಕ್ಕಿಲ್ಲ. ರಾಜಧಾನಿಯನ್ನು ಸಹ ಶಾಸನಗಳು ‘ನೆಲೆವೀಡು’ ಎಂದು ಕರೆದಿರುವುದು ಗಮನಾರ್ಹ. ‘ನೆಲೆ’ ಎಂಬ ವಿಶೇಷಣವನ್ನು ಕೂಡಿಸಬೇಕಾಗಿ ಬಂದುದೇ ಬೀಡಿನ ಸಹಜ ಗುಣ ಚಲನೆಯೆಂಬುದನ್ನು ಸೂಚಿಸುತ್ತದೆ.

ಕಾವ್ಯಗಳ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಪಂಪನು ‘ವಿಕ್ರಮಾರ್ಜುನವಿಜಯ’ದ ಐದನೆಯ ಆಶ್ವಾಸದಲ್ಲಿ, ಖಾಂಡವದಹನಕ್ಕೆ ಮುನ್ನ, ಬೇಟೆಯನ್ನು ವರ್ಣಿಸುತ್ತಾನೆ. ಅಲ್ಲಿ ಬೇಟೆಯ ಬಗೆಗಳು, ನಾಯಿಗಳು, ಮೃಗಗಳನ್ನು ಸೆಳೆಯಲು ಬಳಸುವ ದೀವದ ಮೃಗ ಮುಂತಾದ ತಾಂತ್ರಿಕ ವಿವರಗಳಿಗೆ ಪ್ರಾಧಾನ್ಯ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಂತೂ ಕಥೆಯ ತಿರುವೇ ಬೇಟೆಯ ನಡುವಿನ ವಿಶ್ರಾಂತಿಯಲ್ಲಿ ಸಂಭವಿಸುತ್ತದೆ. ಹಂದಿಯ ಬೆನ್ನಟ್ಟಿ ದಣಿದ ಹರಿಶ್ಚಂದ್ರನು ವಿಶ್ವಾಮಿತ್ರನ ಆಶ್ರಮದ ನೆಲವನ್ನು ಹೊಗುತ್ತಾನೆ. ಅಲ್ಲಿಯೇ ಗಾಣರಾಣಿಯರು ಬಂದು ಹಾಡಿ, ಮುತ್ತಿನ ಸತ್ತಿಗೆಯನ್ನು ಬೇಡುತ್ತಾರೆ. ಅರಸನಿಗೆ ಕಾಡಿನಲ್ಲಿ ಸ್ವಂತದ್ದೆನ್ನುವ ಮನೆ ಇಲ್ಲದಿರುವುದರಿಂದಲೇ ಅವನು ಪರರ ನೆಲದಲ್ಲಿ ತಂಗುತ್ತಾನೆ. ಆ ತಂಗುವಿಕೆಯೇ ಅವನ ಕಷ್ಟಪರಂಪರೆಗೆ ಮೊದಲಾಗುತ್ತದೆ.

ಬೆಂಗಳೂರನ್ನು ಕುರಿತ ಎರಡು ಐತಿಹ್ಯಗಳು ಬೇಟೆಯಿಂದಲೇ ಆರಂಭವಾಗುವುದನ್ನೂ ಇಲ್ಲಿ ನೆನೆಯಬಹುದು. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತಳೆಂಬುದು ಒಂದು. ಕೆಂಪೇಗೌಡನ ಬೇಟೆನಾಯಿಯನ್ನು ಮೊಲವೊಂದು ಅಟ್ಟಿಸಿಕೊಂಡು ಹೋಯಿತೆಂಬುದು ಮತ್ತೊಂದು. ಬೇಗೂರಿನ ಕ್ರಿ.ಶ. ಸುಮಾರು 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಬಂದಿರುವುದರಿಂದ ಬೆಂದಕಾಳಿನ ಕಥೆ ಸ್ಥಳನಾಮದ ಇತಿಹಾಸವಾಗಲಾರದು. ಆದರೂ ಅದರ ಒಳಗಿನ ಸಾಮಾಜಿಕ ಚಿತ್ರ ನಿರರ್ಥಕವಲ್ಲ. ಬೇಟೆಯಲ್ಲಿ ಬಳಲಿದ ಅರಸನಿಗೆ ಒದಗುವ ಆಶ್ರಯ ಅರಮನೆಯದಲ್ಲ, ಕಾಡಂಚಿನ ಗುಡಿಸಿಲಿನದು.

ಇದಕ್ಕೆ ಅಪವಾದವೆಂಬಂತೆ ನಿಂತಿರುವುದು ವಿಜಯಪುರದ ಪೂರ್ವಕ್ಕಿರುವ ಕುಮಟಗಿಯ ಆದಿಲ್‌ಶಾಹಿ ವಿಹಾರಸ್ಥಾನ. ನೀರಿನ ನಡುವಣ ಮಂಟಪ, ಎತ್ತರಕ್ಕೇರಿಸಿದ ನೀರನ್ನು ಕೊಳವೆಗಳ ಮೂಲಕ ಚಿಮ್ಮಿಸುವ ವ್ಯವಸ್ಥೆ ಮತ್ತು ಭಿತ್ತಿಚಿತ್ರಗಳು ಅದರ ವೈಶಿಷ್ಟ್ಯ. ಮಾಸಿಹೋಗಿರುವ ಈ ಚಿತ್ರಗಳಲ್ಲಿ ಕುದುರೆಯೇರಿ ಚೆಂಡಾಡುವವರೂ ಮಲ್ಲರೂ ಇದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಇದೇ ಕುದುರೆಚೆಂಡು, ಮಲ್ಲಯುದ್ಧಗಳನ್ನು ನಾಯಿ, ಗಿಡುಗ, ಮೃಗಬೇಟೆಗಳ ಸಾಲಿನಲ್ಲಿ ರಾಜವಿನೋದಗಳೆಂದು ವಿವರಿಸಿದೆ. ವಂಶ, ಧರ್ಮ, ಭಾಷೆಗಳು ಬದಲಾದರೂ ವಿನೋದಗಳ ಪಟ್ಟಿ ಬಹುಮಟ್ಟಿಗೆ ಮುಂದುವರಿದಿದೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿಯೂ ಬೇಟೆಯ ದೃಶ್ಯಗಳು ಸಾಲುಸಾಲಾಗಿವೆ. ಆದರೆ ಇವೆಲ್ಲ ಅರಸನ ವೈಭವದ ದಾಖಲೆಗಳು. ಬೇಟೆ ನಡೆದ ನೆಲದ ಮೇಲೆಯೇ ನಿಂತ ದಾಖಲೆ ಬೇರೆಯದೇ ಇದೆ. ಅದು ವೀರಗಲ್ಲು.

ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು (ಶಕ 872, ಕ್ರಿ.ಶ. 949-50) ಈ ವರ್ಗದ ಶ್ರೇಷ್ಠ ಉದಾಹರಣೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನು ಮೆಚ್ಚುಗೆಯಾಗಿ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ಚೋಳ ರಾಜಾದಿತ್ಯರ ರಾಜಕೀಯ ಇತಿಹಾಸಕ್ಕೆ ಈ ಶಾಸನ ಮಹತ್ವದ ಆಕರವೆಂಬುದು ಸರ್ವವಿದಿತ. ಬೇಟೆಯ ಇತಿಹಾಸಕ್ಕೆ ಅದು ನೀಡುವ ಮಾಹಿತಿಯೂ ಅಷ್ಟೇ ಅಮೂಲ್ಯ: ಬೇಟೆ ನಡೆದ ನೆಲ, ಮೃಗ, ನಾಯಿಯ ಹೆಸರು, ಮರಣಾನಂತರದ ಗೌರವ, ಎಲ್ಲವೂ ಒಂದೇ ಕಲ್ಲಿನಲ್ಲಿವೆ. ಬೇರಾವ ಕಟ್ಟಡವೂ ಇಷ್ಟನ್ನು ಹೇಳಲಾರದು.

ಆತಕೂರಿನ ಕಲ್ಲು ಉಳಿದುದಕ್ಕೆ ಅದರ ಮೇಲಿನ ಅಕ್ಷರಗಳೂ ಮುಖ್ಯ ಕಾರಣ. ಹುಲಿಬೇಟೆ, ಹಂದಿಬೇಟೆಯ ವೀರಗಲ್ಲುಗಳಲ್ಲಿ ಅನೇಕವು ನಿರಕ್ಷರ ಕಲ್ಲುಗಳು: ಈಟಿ ಹಿಡಿದ ವ್ಯಕ್ತಿ, ಎದುರಿಗೆ ಮೃಗ, ಕೆಲವೊಮ್ಮೆ ನಾಯಿ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳಲ್ಲಿ, ಉದ್ದೇಶದ ಮಿತಿಯಿಂದಲೇ, ಇಂತಹ ಕಲ್ಲುಗಳಿಗೆ ಸ್ಥಾನವಿರಲಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಹಾಗೂ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ವೀರಗಲ್ಲುಗಳ ಅಧ್ಯಯನಕ್ಕೆ ಭದ್ರವಾದ ಬುನಾದಿ ಹಾಕಿವೆ. ಅದರ ಮೇಲೆ ಸ್ಥಳನಿಷ್ಠವಾದ ಕೆಲಸ ಇನ್ನೂ ಬೆಳೆಯಬೇಕಾಗಿದೆ.

ತಲಘಟ್ಟಪುರದ ಪರಿಸರ ಮುಖ್ಯವಾಗುವುದು ಈ ಹಿನ್ನೆಲೆಯಲ್ಲಿ. ಕನಕಪುರ ರಸ್ತೆಯ ಈ ಊರಿನ ಬಳಿಯ ತುರಹಳ್ಳಿ ಕಾಡು ಬಂಡೆಗುಡ್ಡಗಳಿಂದ ಕೂಡಿದ ನೆಲ. ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ ‘ಮೊರಡಿ’. ದಕ್ಷಿಣಕ್ಕೆ ಸಾಗಿದಂತೆ ಬನ್ನೇರುಘಟ್ಟದ ಅರಣ್ಯ. ಬೇಟೆಯ ಕಲ್ಲುಗಳನ್ನು ಅರಸಬೇಕಾದುದು ಕೃಷಿಭೂಮಿ ಮುಗಿದು ಕಾಡು ಮೊದಲಾಗುವ ಇಂತಹ ಅಂಚಿನಲ್ಲಿ. ಆದರೆ ಅಂಚು ವೇಗವಾಗಿ ಕರಗುತ್ತಿದೆ. 2021ರ ಜನವರಿಯಲ್ಲಿ ಮೆಟ್ರೋ ರೈಲು ತಲಘಟ್ಟಪುರವನ್ನು ದಾಟಿ ಮುಂದೆ ಸಾಗಿತು. ಬಡಾವಣೆಗಳು ಅದಕ್ಕೂ ಮೊದಲೇ ಬಂದಿದ್ದವು. ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದುದು ಚರಂಡಿ ಕಾಮಗಾರಿಯ ಅಗೆತದಲ್ಲಿ. ಅಕ್ಷರಗಳಿದ್ದುದರಿಂದ ಅದರ ಮಹತ್ವ ಕೂಡಲೇ ತಿಳಿಯಿತು. ನಿರಕ್ಷರ ಕಲ್ಲೊಂದು ಹೀಗೆ ಮೇಲೆದ್ದರೆ ಅದು ತಳಪಾಯಕ್ಕೆ ಸೇರುವ ಸಂಭವವೇ ಹೆಚ್ಚು.

ಆದ್ದರಿಂದ ಬೇಟೆಯ ಬೀಡು ಅಳಿದುಹೋಯಿತೆಂದು ಹಳಹಳಿಸುವುದಕ್ಕಿಂತ ಬೇಟೆಯ ಕಲ್ಲನ್ನು ಉಳಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲ್ ಆಗಿ ದಾಖಲಿಸುವ ಕಾರ್ಯ ಕೈಗೊಂಡಿರುವುದು ಆಶಾದಾಯಕ. ನಿರಕ್ಷರ ಕಲ್ಲುಗಳಿಗೆ ಇಂತಹ ದಾಖಲೆಯ ಜೊತೆಗೆ ಸಾಹಿತ್ಯದ ಓದೂ ಬೇಕು. ಕೆತ್ತಿದ ಮೃಗ, ಆಯುಧ, ನಾಯಿ, ಕಲ್ಲು ನಿಂತ ನೆಲದ ಸ್ವರೂಪ, ಊರವರು ಅದಕ್ಕೆ ಇಟ್ಟ ಹೆಸರು, ಪೂಜೆಯ ಪದ್ಧತಿ, ಇವುಗಳನ್ನು ಬರೆದಿಟ್ಟು ಪಂಪ, ರಾಘವಾಂಕರ ಬೇಟೆಯ ಪದಕೋಶದೊಡನೆ ಹೋಲಿಸಬಲ್ಲವರು ಕನ್ನಡದ ಅಧ್ಯಾಪಕರು ಮತ್ತು ಸಂಶೋಧಕರೇ. ಅಕ್ಷರವಿಲ್ಲದ ಕಲ್ಲಿಗೆ ಅರ್ಥ ಒದಗಬೇಕಾದುದು ಈ ಹೋಲಿಕೆಯಿಂದ. ಅದಕ್ಕೆ ಕಲ್ಲು ತನ್ನ ನೆಲದಲ್ಲಿ ಇನ್ನೂ ನಿಂತಿರಬೇಕು.