ಕಾಲುದೀಪದ ಬುಡದ ಅಕ್ಷರಗಳು

ಮನೆಯೆಂದ ಮೇಲೆ ದೇವರ ಕೋಣೆಯಲ್ಲಿ ಒಂದು ಹಳೆಯ ದೀಪವಿರುವುದು ನಮ್ಮ ಕಾಸರಗೋಡಿನ ಕಡೆ ಹೊಸ ಸಂಗತಿಯೇನಲ್ಲ. ದಿನವೂ ಸಂಜೆ ಅದನ್ನು ಹಚ್ಚುತ್ತೇವೆ, ಹಬ್ಬದ ಹಿಂದಿನ ದಿನ ಬೆಳಗುತ್ತೇವೆ. ಆದರೆ ಅದರ ಬುಡವನ್ನು ಮಗುಚಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಐವತ್ತು ದಾಟುವ ತನಕ ನೋಡಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ನಮ್ಮ ಮನೆಯ ಹಿತ್ತಾಳೆಯ ಕಾಲುದೀಪ ನನ್ನ ತಾಯಿಯ ತವರಿನಿಂದ ಬಂದುದು. ಆಕೆಯ ಅಜ್ಜ ಮಾಡಿಸಿದ್ದು. ತವರು ಪುತ್ತೂರಿನ ಕಡೆಯದು. ದೀಪ ಎರಕವಾದ ಕಾಲದಲ್ಲಿ ಪುತ್ತೂರೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದುವು. ತಾಯಿ ಮದುವೆಯಾಗಿ ದೀಪದೊಡನೆ ಇಲ್ಲಿಗೆ ಬರುವ ಹೊತ್ತಿಗೆ 1956ರ ರಾಜ್ಯ ಪುನರ್ವಿಂಗಡಣೆಯಾಗಿ ಎರಡೂರುಗಳ ನಡುವೆ ಗಡಿ ಬಿದ್ದಿತ್ತು. ಅಂದಿನಿಂದ ಅದನ್ನು ಬೆಳಗುವ ಕೆಲಸವನ್ನು ಆಕೆ ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ.

ಎಂಬತ್ತು ದಾಟಿದ ಮೇಲೆ ಬೆರಳುಗಳ ಗಂಟು ಬಾತು ನೋವು ಹೆಚ್ಚಿತು. ಒಂದು ದಿನ ತಾಯಿ ದೀಪವನ್ನು ನನ್ನ ಮುಂದಿಟ್ಟು, "ಇನ್ನು ಇದನ್ನು ತಿಕ್ಕಲಿಕ್ಕೆ ನನ್ನಿಂದಾಗುವುದಿಲ್ಲ ಮಗಾ. ಕಪ್ಪಾದ ದೀಪ ಹಚ್ಚಲಿಕ್ಕೆ ಮನಸ್ಸೂ ಬರುವುದಿಲ್ಲ" ಎಂದರು. ದೀಪವನ್ನು ಎತ್ತಿಕೊಂಡಾಗಲೇ ಬುಡದ ಅಂಚಿನಲ್ಲಿ ಏನೋ ಗೀರುಗಳಿರುವುದು ಕಣ್ಣಿಗೆ ಬಿತ್ತು. ಎಣ್ಣೆಯ ಜಿಡ್ಡನ್ನು ಒರೆಸಿ ನೋಡಿದರೆ ಅವು ಕನ್ನಡದ ಅಕ್ಷರಗಳು! ಮನೆತನದ ಹೆಸರು, ಅದರ ಮುಂದೆ 'ವಿಭವ ಸಂ| ಕಾರ್ತಿಕ' ಎಂದಿತ್ತು. ಅರವತ್ತು ಸಂವತ್ಸರಗಳ ಚಕ್ರದಲ್ಲಿ ವಿಭವವು ಎರಡನೆಯದು. 1988ರಲ್ಲಿ ಬಂದಿತ್ತು, ಅದಕ್ಕೆ ಹಿಂದೆ 1928ರಲ್ಲಿ. ಅಜ್ಜನ ಕಾಲಕ್ಕೆ ಹೊಂದುವುದು 1928. ಆದರೆ ಹಲವು ದಶಕಗಳ ತಿಕ್ಕಾಟದಿಂದ ಅಕ್ಷರಗಳು ಸವೆದು, ಕೆಲವು ಬೆರಳಿಗೆ ತಾಗುತ್ತಿದ್ದುವಲ್ಲದೆ ಕಣ್ಣಿಗೆ ಕಾಣುತ್ತಿರಲಿಲ್ಲ. ಬೆಳಗದಿದ್ದರೆ ದೀಪ ಕಪ್ಪು, ಬೆಳಗಿದರೆ ಅಕ್ಷರ ಮಾಯ. ಇದು ನನ್ನ ಮುಂದಿದ್ದ ಸಮಸ್ಯೆ.

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. "ಬಫಿಂಗ್ ಯಂತ್ರಕ್ಕೆ ಕೊಟ್ಟರೆ ಚಿನ್ನದ ಹಾಗೆ ಆಗುತ್ತದೆ ಮಾಸ್ಟ್ರೇ" ಎಂದರು. ಆ ಮಾತು ಸುಳ್ಳಲ್ಲ. ಆದರೆ ವೇಗವಾಗಿ ತಿರುಗುವ ಬಟ್ಟೆಯ ಚಕ್ರಕ್ಕೆ ಪಾಲಿಷ್ ಹಚ್ಚಿ ಲೋಹವನ್ನು ಒತ್ತಿದಾಗ ಮೇಲಿನ ಪದರವೇ ಕಿತ್ತು ಹೋಗುತ್ತದೆ. ಅಲ್ಲಿ ಸಿದ್ಧವಾಗಿದ್ದ ಒಂದು ಹಳೆಯ ದೀಪದ ಹೂಬಳ್ಳಿ ಸವೆದು ನುಣ್ಣಗಾದುದನ್ನು ಕಂಡು, ನಮ್ಮ ದೀಪವನ್ನು ಚೀಲದಿಂದ ಹೊರಗೆ ತೆಗೆಯದೆ ಮರಳಿದೆ.

ಹಿತ್ತಾಳೆ ಕಪ್ಪಾಗುವುದೇಕೆ? ಅದು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿಯ ಆಮ್ಲಜನಕ, ಗಂಧಕದ ಅಂಶ, ತೇವ ಇವು ತಾಮ್ರದೊಡನೆ ಸೇರಿ ಮೇಲ್ಮೈಯಲ್ಲಿ ಕಂದು ಕಪ್ಪು ಪದರವನ್ನು ಕಟ್ಟುತ್ತವೆ. ಕಡಲ ಕರೆಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಹುಣಸೆಹುಳಿ, ಲಿಂಬೆ, ನಮ್ಮ ಹಿತ್ತಿಲ ಬಿಂಬುಳಿ ಇವುಗಳ ಆಮ್ಲವು ಆ ಪದರವನ್ನು ಕರಗಿಸುತ್ತದೆ. ನಮ್ಮ ಹಿರಿಯ ಹೆಂಗಸರು ರಸಾಯನಶಾಸ್ತ್ರ ಓದದೆಯೇ ಅದನ್ನು ತಿಳಿದಿದ್ದರು. ಆದರೆ ಹುಳಿಯನ್ನು ಬಹಳ ಹೊತ್ತು ಬಿಟ್ಟರೆ ಸತು ಕರಗಿ ಹೋಗಿ ಲೋಹ ಕೆಂಪಗಾಗುತ್ತದೆ. ಬೂದಿ, ಇಟ್ಟಿಗೆಯ ಪುಡಿಗಳಾದರೋ ಲೋಹವನ್ನು ಉಜ್ಜಿ ಸವೆಸುತ್ತವೆ. ಹೀಗೆ ಬೆಳಗಿದ ದೀಪಕ್ಕೆ ಗಾಳಿ ತಾಗದಂತೆ ತೆಳುವಾದ ಪಾರದರ್ಶಕ ಹೊದಿಕೆಯೊಂದನ್ನು ಕೊಟ್ಟರೆ ಪದೇ ಪದೇ ತಿಕ್ಕುವ ಅಗತ್ಯವೇ ಇಲ್ಲ. ಆ ಹೊದಿಕೆಯೇ ಲ್ಯಾಕರ್.

ಲ್ಯಾಕರ್ ಎಂಬ ಹೆಸರು ಪರದೇಶದ್ದೆಂದು ತೋರಿದರೂ ಅದರ ಬೇರು ನಮ್ಮದೇ. ಸಂಸ್ಕೃತದ 'ಲಾಕ್ಷಾ', ಅಂದರೆ ಅರಗು, ಅದರ ಮೂಲ. ಪಾಂಡವರಿಗಾಗಿ ಕಟ್ಟಿದ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರಿಸುವ ಅರಗು. ಇಂದಿನ ಡಬ್ಬಿಯಲ್ಲಿ ಅರಗಿಲ್ಲ. ಸೆಲ್ಯುಲೋಸಿನಿಂದ ಮಾಡಿದ ಅಥವಾ ಅಕ್ರಿಲಿಕ್ ಎಂಬ ಕೃತಕ ರಾಳವಿದೆ. ಸೆಲ್ಯುಲೋಸ್ ಲ್ಯಾಕರು 1920ರ ದಶಕದಲ್ಲಿ ಅಮೆರಿಕದ ಮೋಟಾರು ಕಾರುಗಳ ಬಣ್ಣವಾಗಿ ಬಳಕೆಗೆ ಬಂತು. ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ ಗುಂಡಿಯೊತ್ತಿ ಸಿಂಪಡಿಸುವ ಉಪಾಯವನ್ನು 1949ರಲ್ಲಿ ಅಲ್ಲಿಯ ಎಡ್ವರ್ಡ್ ಸೇಮೂರ್ ಎಂಬವರು, ತಮ್ಮ ಪತ್ನಿಯ ಸೂಚನೆಯಂತೆ, ರೂಢಿಗೆ ತಂದರು.

ಇಷ್ಟೆಲ್ಲ ಓದಿ ತಿಳಿದ ನಾನು ಮೊದಲ ಪ್ರಯತ್ನದಲ್ಲೇ ಸೋತೆನೆಂಬುದನ್ನು ಮುಚ್ಚಿಡಲಾರೆ. ಕೈಯಲ್ಲಿ ಡಬ್ಬಿ ಬಂದ ಮೇಲೆ ತಾಳ್ಮೆಯೆಲ್ಲಿ? ಆಟಿ ತಿಂಗಳ ಒಂದು ಆದಿತ್ಯವಾರ, ಹೊರಗೆ ಮಳೆ ಸುರಿಯುತ್ತಿರುವಾಗಲೇ ಜಗಲಿಯಲ್ಲಿ ಕುಳಿತು ಸಿಂಪಡಿಸಿದೆ. ಹತ್ತು ನಿಮಿಷದೊಳಗೆ ದೀಪದ ಮೈಮೇಲೆ ಹಾಲು ಚೆಲ್ಲಿದಂತೆ ಬಿಳಿಯ ಮಸುಕು ಕವಿಯಿತು. ಲ್ಯಾಕರಿನಲ್ಲಿರುವ ದ್ರಾವಕವು ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವವು ಅದರಲ್ಲಿ ಸಿಕ್ಕಿಬೀಳುವುದೇ ಇದಕ್ಕೆ ಕಾರಣ. ತಾಯಿ ಬಂದು ನೋಡಿದರು, ಏನೂ ಹೇಳಲಿಲ್ಲ. ಆ ಸಂಜೆ ಮಣ್ಣಿನ ಹಣತೆಯೊಂದನ್ನು ಹಚ್ಚಿಟ್ಟರು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ನನಗೆ ಆ ಮೌನವೇ ದೊಡ್ಡ ಪಾಠವಾಯಿತು.

ಅದೃಷ್ಟಕ್ಕೆ ಈ ಲೇಪವನ್ನು ಮರಳಿ ತೆಗೆಯಬಹುದು. ಅಸಿಟೋನ್ ಎಂಬ ದ್ರಾವಕದಲ್ಲಿ ನೆನೆದ ಹತ್ತಿಯಿಂದ ಒರೆಸಿದಾಗ ಅದು ಕರಗಿ ಬಂತು, ಲೋಹಕ್ಕೆ ಹಾನಿಯಾಗಲಿಲ್ಲ. ಹಳೆಯ ವಸ್ತುಗಳಿಗೆ ಹೀಗೆ ತೆಗೆಯಬಹುದಾದ ಲೇಪವನ್ನೇ ಆರಿಸಬೇಕು. ಗಟ್ಟಿಯೆಂದು ಪಾಲಿಯುರಿಥೇನಿಗೆ ಮರುಳಾಗಬಾರದು.

ಧನುರ್ಮಾಸದ ಒಣಹವೆಗಾಗಿ ಕಾದು ಎರಡನೆಯ ಸಲ ಮಾಡಿದ ಕ್ರಮ ಹೀಗಿದೆ. ಮೊದಲು ದೀಪದ ತಿರುಪುಗಳನ್ನು ಬಿಚ್ಚಿ ಬುಡ, ಕಂಬ, ಎಣ್ಣೆಯ ತಟ್ಟೆ, ಶಿಖರಗಳನ್ನು ಬೇರೆ ಮಾಡಿದೆ. ಬಿಸಿನೀರಿನಲ್ಲಿ ಅಂಟುವಾಳದ ನೊರೆ ಮಾಡಿ ಜಿಡ್ಡು ತೊಳೆದೆ. ಅಕ್ಷರಗಳೊಳಗಿನ ಕೊಳೆಯನ್ನು ತೆಂಗಿನ ಗರಿಯ ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಚೂರಿ, ಸೂಜಿ, ಕಬ್ಬಿಣದ ಬ್ರಶ್ಶು ಮುಟ್ಟಿಸಲಿಲ್ಲ. ಬಿಂಬುಳಿಯ ರಸವನ್ನು ಮೆದು ಬಟ್ಟೆಯಲ್ಲಿ ಹಚ್ಚಿ, ಹೊಳಪು ಬಂದೊಡನೆ ತೊಳೆದು, ಹುಳಿ ಉಳಿಯದಂತೆ ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಇನ್ನೊಮ್ಮೆ ಜಾಲಿಸಿ, ಕೂಡಲೇ ಒರೆಸಿ ಒಣಗಿಸಿದೆ. ಅಕ್ಷರಗಳ ತಗ್ಗಿನಲ್ಲಿ ಉಳಿದ ಕಪ್ಪನ್ನು ಬೇಕೆಂದೇ ಬಿಟ್ಟೆ; ಸುತ್ತಲ ಹೊಳಪಿನ ನಡುವೆ ಓದಲು ಅದೇ ಮಸಿಯಾಯಿತು. ಕೊನೆಗೆ ಅಸಿಟೋನಿನಿಂದ ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಲಿಲ್ಲ. ಬೆರಳಿನ ಬೆವರು ಮುಟ್ಟಿದರೆ ಲೇಪದ ಅಡಿಯಲ್ಲಿ ಅದೇ ಗುರುತು ಕಪ್ಪಾಗಿ ಮೂಡುತ್ತದೆ. ಹತ್ತಿಯ ಕೈಚೀಲ ಹಾಕಿಕೊಳ್ಳುವುದು ಲೇಸು.

ಸಿಂಪಡಿಸುವುದಕ್ಕೆ ಬಿಸಿಲೇರಿದ ಒಣ ಹೊತ್ತು, ಗಾಳಿಯಾಡುವ ನೆರಳಿನ ಜಾಗ ಬೇಕು. ಡಬ್ಬಿಯನ್ನು ಒಂದು ನಿಮಿಷ ಕುಲುಕಿ, ಸುಮಾರು 25ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ವಸ್ತುವಿನ ಆಚೆಯಿಂದ ಆರಂಭಿಸಿ ಈಚೆಯವರೆಗೆ ನಿಲ್ಲದೆ ಕೈಯಾಡಿಸಬೇಕು. ಒಂದೆಡೆ ನಿಂತರೆ ಲ್ಯಾಕರ್ ಹರಿದು ಇಳಿಯುತ್ತದೆ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಪ ಮೇಲು. ನಡುನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಈ ಡಬ್ಬಿಯ ಅನಿಲವೂ ದ್ರಾವಕವೂ ಬೆಂಕಿಗೆ ಬೇಗ ಹತ್ತುವಂಥವು. ಆದುದರಿಂದ ಒಲೆ, ಬೀಡಿ, ಉರಿಯುವ ದೀಪ ಯಾವುದೂ ಹತ್ತಿರವಿರಬಾರದು. ಮಕ್ಕಳನ್ನು ದೂರವಿಟ್ಟು, ಮೂಗಿಗೆ ಮುಖಗವಸು ಕಟ್ಟಿಕೊಳ್ಳಬೇಕು.

ಇಲ್ಲಿ ಒಂದು ಮುಖ್ಯ ಮಾತು. ಎಣ್ಣೆಯ ತಟ್ಟೆಗೆ ನಾನು ಲ್ಯಾಕರ್ ಹಚ್ಚಲಿಲ್ಲ. ಬತ್ತಿಯ ಉರಿ ತಾಗುವ ಕಡೆ ಅದು ಸುಟ್ಟು ಕಪ್ಪಾಗುತ್ತದೆ, ಹೊತ್ತಿಕೊಳ್ಳಲೂ ಬಹುದು. ಶಿಖರವನ್ನೂ ಹಾಗೆಯೇ ಬಿಟ್ಟೆ. ಬುಡಕ್ಕೆ ಮತ್ತು ಕಂಬಕ್ಕೆ ಮಾತ್ರ ಹೊದಿಕೆ. ಒಂದು ವಾರ ಹಾಗೆಯೇ ಒಣಗಲು ಬಿಟ್ಟು ಬಳಿಕ ಜೋಡಿಸಿದೆ. ಇನ್ನು ಲೇಪವಿರುವ ಭಾಗವನ್ನು ಮೆದು ಬಟ್ಟೆಯಿಂದ ಒರೆಸಿದರೆ ಸಾಕು. ಹುಳಿ, ಬೂದಿ ಸೋಕಿಸಬಾರದು. ಕೆಲವು ವರ್ಷಗಳ ಮೇಲೆ ಲೇಪ ಬಿರಿದು ಅಲ್ಲಲ್ಲಿ ಕಪ್ಪು ಗೆರೆ ಕಂಡರೆ ತೇಪೆ ಹಾಕದೆ ಪೂರ್ತಿ ತೆಗೆದು ಹೊಸತಾಗಿ ಹಚ್ಚಬೇಕು.

ಜೋಡಿಸಿದ ದೀಪವನ್ನು ಒಪ್ಪಿಸಿದಾಗ ತಾಯಿ ಮೊದಲು ನೋಡಿದ್ದು ತಟ್ಟೆಯನ್ನು. "ಇದನ್ನು ತಿಕ್ಕಬಹುದೋ?" ಎಂದು ಕೇಳಿದರು. ಅದೊಂದನ್ನು ತಿಕ್ಕಲೇಬೇಕೆಂದೆ. "ಅಷ್ಟಾದರೆ ನನ್ನಿಂದಾದೀತು" ಎಂದು ಮುಖವರಳಿಸಿದರು. ಕೆಲಸ ತಪ್ಪಿಸಬೇಕೆಂದು ಹೊರಟ ನನಗೆ, ಆಕೆಗೆ ಬೇಕಾದುದು ಕೈಲಾಗುವಷ್ಟು ಕೆಲಸವೆಂಬುದು ಆಗ ಹೊಳೆಯಿತು.

ರಜೆಗೆ ಬಂದಿದ್ದ ತಂಗಿಯ ಮೊಮ್ಮಗಳು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯವಳು. ಶಾಲೆಯಲ್ಲಿ ಕಲಿಯುವ ಎರಡನೆಯ ಭಾಷೆ ಮಲಯಾಳ. ಮನೆಯಲ್ಲಿ ಕನ್ನಡ ಮಾತಾಡುತ್ತಾಳಾದರೂ ಓದು ಅಷ್ಟಕ್ಕಷ್ಟೆ. ಬುಡವನ್ನು ಮಗುಚಿ ತೋರಿಸಿದೆ. ಬೆರಳಿಟ್ಟು 'ವಿ', 'ಭ', 'ವ' ಎಂದು ಒಂದೊಂದಾಗಿ ಕೂಡಿಸಿ ಓದಿ, "ಇದು ಯಾರ ಹೆಸರು ಅಜ್ಜಾ?" ಎಂದಳು. ಹೆಸರಲ್ಲ, ವರ್ಷವೆಂದು ವಿವರಿಸುತ್ತ ಅರವತ್ತು ಸಂವತ್ಸರಗಳನ್ನು ಬಾಯಿಪಾಠ ಹೇಳಿಸತೊಡಗಿದೆ. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹನ್ನೆರಡರ ತನಕ ಬಂದಿದ್ದಳು.