ಉಸಿರುಗಟ್ಟಿಸುವ ಗೊರಕೆಗೆ ಶಸ್ತ್ರಚಿಕಿತ್ಸೆ

ಗೊರಕೆಯನ್ನು ಸುಖನಿದ್ರೆಯ ಕುರುಹೆಂದು ಬಗೆಯುವ ವಾಡಿಕೆ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆದರೆ ಗೊರಕೆಯ ನಡುವೆ ಹತ್ತು ಸೆಕೆಂಡಿಗೂ ಮಿಗಿಲಾಗಿ ಉಸಿರು ನಿಂತು, ಮತ್ತೆ ಬೆಚ್ಚಿದಂತೆ ಮರಳುವುದು ಮೇಲಿಂದ ಮೇಲೆ ನಡೆದರೆ ಅದು ವ್ಯಾಧಿ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವುದೇ ಇದರ ಮೂಲ. ರಕ್ತದೊತ್ತಡ ಏರುತ್ತದೆ, ಹಗಲೆಲ್ಲ ತೂಕಡಿಕೆ. ಸಿರುಗುಪ್ಪದಿಂದ ಭತ್ತದ ಲಾರಿ ನಡೆಸುವವರಿಗೆ ಆ ತೂಕಡಿಕೆ ಎಂಥ ಅಪಾಯವೆಂದು ಬೇರೆ ಹೇಳಬೇಕೆ?

“ಒಂದು ಆಪರೇಷನ್ ಮಾಡಿಸಿದರೆ ಮುಗಿಯಿತು” ಎಂಬ ಮಾತು ಕುರುಗೋಡಿನ ಕಟ್ಟೆಯ ಮೇಲೂ ಬಳ್ಳಾರಿಯ ಪೇಟೆಯಲ್ಲೂ ಕೇಳಿಬರುತ್ತದೆ. ಮಕ್ಕಳ ಮಟ್ಟಿಗೆ ಇದು ಬಹುಪಾಲು ದಿಟ. ಊದಿದ ಟಾನ್ಸಿಲ್ಲುಗಳನ್ನೂ ಮೂಗಿನ ಹಿಂಬದಿಯ ಅಡಿನಾಯ್ಡನ್ನೂ ತೆಗೆದರೆ ಹೆಚ್ಚಿನವರು ಗುಣ ಹೊಂದುತ್ತಾರೆ. ಪಾಠದಲ್ಲಿ ಮಂದನೆಂದು ಬೈಸಿಕೊಳ್ಳುವ ಹುಡುಗನ ನಿದ್ರೆಯನ್ನು ಹಿರಿಯರು ಒಮ್ಮೆ ಗಮನಿಸಿದರೆ ಒಳಿತು.

ದೊಡ್ಡವರ ಸಂಗತಿ ಬೇರೆ. ಕಿರುನಾಲಗೆ ಹಾಗೂ ಮೃದು ಅಂಗುಳಿನ ಅಂಚನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಈ ವ್ಯಾಧಿಗೆ ಫುಜಿಟಾ ಎಂಬ ವೈದ್ಯರು 1981ರಲ್ಲಿ ಪ್ರಕಟಿಸಿದರು. ಅದು ಸರಿಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಫಲಿಸುತ್ತದೆ. ಅಡಚಣೆ ನಾಲಗೆಯ ಬುಡದಲ್ಲಿದ್ದರೆ ಅಂಗುಳನ್ನು ಕತ್ತರಿಸಿ ಪ್ರಯೋಜನವೇನು? ಎರಡೂ ದವಡೆಗಳನ್ನು ಮುಂದಕ್ಕೆ ಸರಿಸುವ ಕ್ರಮ ಹೆಚ್ಚು ಪರಿಣಾಮಕಾರಿ, ಆದರೆ ಅದು ಎಲುಬು ಕೊಯ್ಯುವ ದೊಡ್ಡ ಕೆಲಸ. ನಾಲಗೆಯ ನರವನ್ನು ಪ್ರಚೋದಿಸುವ ಯಂತ್ರವನ್ನು ಎದೆಯಲ್ಲಿ ಹುದುಗಿಸಲು ಅಮೆರಿಕ 2014ರಲ್ಲಿ ಅನುಮತಿಯಿತ್ತಿತು; ಅದರ ವೆಚ್ಚ ನಮ್ಮ ಕುಟುಂಬಗಳಿಗೆ ಎಟುಕದು.

ಆದುದರಿಂದ ರಾತ್ರಿಯ ನಿದ್ರಾಪರೀಕ್ಷೆ ಮೊದಲು. ತೂಕ ಇಳಿಸುವುದು, 1981ರಲ್ಲೇ ಆಸ್ಟ್ರೇಲಿಯದ ಸಲಿವನ್ ತೋರಿಸಿಕೊಟ್ಟ ಗಾಳಿಯೊತ್ತಡದ ಮುಖವಾಡ, ಇವು ಅನಂತರ. ಅವು ಒಗ್ಗದಿದ್ದಾಗ ಶಸ್ತ್ರಚಿಕಿತ್ಸೆ. ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ. ಉಸಿರು ನಿಂತದ್ದು ರೋಗಿಗೆ ತಿಳಿಯದು.